ರಿಪೇರಿ ಆಗುವುದಿಲ್ಲವೆಂದು ಬರೆದುಕೊಟ್ಟ ಬಂದೂಕು

ಹುಮನಾಬಾದಿನ ಬಜಾರಿನಲ್ಲಿದ್ದ ನನ್ನ ಬಂದೂಕು ರಿಪೇರಿ ಅಂಗಡಿ ಮುಚ್ಚಿ ನಾಲ್ಕು ವರ್ಷವಾಯಿತು. ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿದಾಗ ಕಾಣುವುದು ತುಕ್ಕೋ ನೆರಳೋ ತಿಳಿಯದಂತಾದ ದಿನ, ಇನ್ನು ಈ ಕೆಲಸದಲ್ಲಿ ಇರಬಾರದು ಅಂದುಕೊಂಡು ಲೈಸೆನ್ಸ್ ಒಪ್ಪಿಸಿ ಬಂದೆ. ಆದರೂ ಈ ಕೆಲಸಕ್ಕೆ ಹೊಸದಾಗಿ ಇಳಿದ ಒಬ್ಬಿಬ್ಬರು ಆಗಾಗ ಮನೆಗೆ ಬಂದು ಕೂಡುತ್ತಾರೆ. ಕಬ್ಬಿಣಕ್ಕೆ ಕಪ್ಪು ಬಣ್ಣ ಹತ್ತಿಸುವುದು ಹೇಗೆ, ಕಟ್ಟಿಗೆಗೆ ಹೊಳಪು ಬರುವುದು ಹೇಗೆ ಎಂದು ಕೇಳುತ್ತಾರೆ. ಅದನ್ನೆಲ್ಲ ಎರಡು ತಿಂಗಳಲ್ಲಿ ಕಲಿಯಬಹುದು. ಯಾವುದಕ್ಕೆ ಕೈ ಹಚ್ಚಬೇಕು, ಯಾವುದನ್ನು ಹಾಗೆಯೇ ಬಿಡಬೇಕು ಅನ್ನುವುದು ಮಾತ್ರ ನನಗೆ ಇಪ್ಪತ್ತು ವರ್ಷವಾದರೂ ಪೂರ್ತಿ ತಿಳಿದಿರಲಿಲ್ಲ. ಅದನ್ನೇ ಬರೆಯುತ್ತೇನೆ.

ನಮ್ಮದು ಕುಡುಗೋಲು, ಕುಂಟೆಯ ಕುಡ ಬಡಿಯುವ ಕಮ್ಮಾರಿಕೆಯ ಮನೆ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಅಂದರೆ ೧೯೫೬ರಲ್ಲಿ, ನಾನು ಬಸವಕಲ್ಯಾಣಕ್ಕೆ ಹೋಗಿ ಖಾದರಸಾಬ್ ಉಸ್ತಾದರ ಬಳಿ ಕೆಲಸಕ್ಕೆ ನಿಂತೆ. ಕೋಟೆಯ ಕೆಳಗಿನ ಓಣಿಯಲ್ಲಿ ಅವರ ಅಂಗಡಿ. ಮೊದಲು ಜಹಗೀರದಾರರ ಮನೆಗಳ ಆಯುಧಗಳನ್ನು ನೋಡಿಕೊಳ್ಳುತ್ತಿದ್ದವರು. ಆಗ ಬಂದೂಕಿನ ಹಳೆಯ ಲೈಸೆನ್ಸುಗಳೆಲ್ಲ ಉರ್ದುವಿನಲ್ಲಿದ್ದವು, ಕಚೇರಿಗೆ ಬಂದ ಹೊಸ ಗುಮಾಸ್ತರಿಗೆ ಉರ್ದು ಬರುತ್ತಿರಲಿಲ್ಲ. ಜನ ಕಾಗದ ಹಿಡಿದು ಉಸ್ತಾದರ ಅಂಗಡಿಗೆ ಬರುತ್ತಿದ್ದರು. ಅವರು ಓದಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದುಕೊಡುತ್ತಿದ್ದೆ. ಹಾಗಾಗಿ ಬಂದೂಕಿಗಿಂತ ಮೊದಲು ನಾನು ಬಂದೂಕಿನ ಕಾಗದ ಕಲಿತೆ.

ಆರು ತಿಂಗಳು ಅವರು ನನ್ನ ಕೈಗೆ ಉಜ್ಜುವ ಅರ ಕೊಡಲಿಲ್ಲ. ಬಿಚ್ಚಿದ ಭಾಗಗಳನ್ನು ಘಾಸಲೇಟಿನಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ತೊಳೆಯುವುದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅದೇ ಕ್ರಮದಲ್ಲಿ ಬಟ್ಟೆಯ ಮೇಲೆ ಸಾಲಾಗಿ ಇಡುವುದು, ಇಷ್ಟೇ ಕೆಲಸ. ಒಂದು ದಿನ ಬೇಸತ್ತು ಕೇಳಿದೆ.

“ಉಸ್ತಾದ, ನನಗ ಉಜ್ಜೂ ಕೆಲಸ ಯಾವಾಗ ಕೊಡ್ತೀರಿ?”

“ಜಂಗ್ ಯಾವುದು, ಉಮರ್ ಯಾವುದು ಅಂತ ನಿನ್ನ ಬೆರಳಿಗೆ ತಿಳಿದ ದಿನ ಕೊಡ್ತೀನಿ, ಬೇಟಾ,” ಅಂದರು.

ಜಂಗ್ ಅಂದರೆ ತುಕ್ಕು, ಉಮರ್ ಅಂದರೆ ವಯಸ್ಸು. ಆ ಮಾತು ನನಗೆ ಅವತ್ತು ತಿಳಿಯಲಿಲ್ಲ. ತಿಳಿದದ್ದು ಹುಮನಾಬಾದಿಗೆ ಬಂದು ಸ್ವಂತ ಅಂಗಡಿ ಇಟ್ಟ ಎರಡನೆಯ ವರ್ಷ.

ಚಿಟಗುಪ್ಪದ ಪಾಟೀಲರೊಬ್ಬರು ತಮ್ಮ ಅಜ್ಜನ ಜೋಡುನಳಿಗೆಯ ಬಂದೂಕು ತಂದು, ಮಗಳ ಮದುವೆಯೊಳಗೆ ಹೊಸದರ ಹಾಗೆ ಕಾಣಬೇಕು ಅಂದರು. ನಾನು ಹದಿನೈದು ದಿನ ಹಗಲೆಲ್ಲ ಕೂತು ಉಜ್ಜಿದೆ. ನಳಿಗೆ ಕನ್ನಡಿಯಾಯಿತು. ಪಾಟೀಲರು ಮೆಚ್ಚಿ ನನ್ನ ತಲೆಗೆ ಪಟಕಾ ಸುತ್ತಿ ಹೋದರು. ಮುಂದಿನ ಲೈಸೆನ್ಸ್ ತಪಾಸಣೆಯಲ್ಲಿ ಬಂದೂಕಿನ ನಂಬರ್ ಕಾಣಲಿಲ್ಲ. ಮೊದಲೇ ಸವೆದು ಕೂದಲೆಳೆಯಷ್ಟೇ ಉಳಿದಿದ್ದ ಅಂಕಿಗಳನ್ನು ನಾನು ಜಂಗಿನ ಜೊತೆ ತೆಗೆದುಬಿಟ್ಟಿದ್ದೆ. ಬಂದೂಕು ಕಳವಿನದೋ ಮನೆಯದೋ ಎಂದು ರುಜುವಾತು ಮಾಡಲು ಆ ವಯಸ್ಸಾದ ಮನುಷ್ಯ ಒಂದು ವರ್ಷ ಬೀದರಿಗೆ ಅಲೆದರು. ನಾನು ಕಲ್ಯಾಣಕ್ಕೆ ಹೋಗಿ ಉಸ್ತಾದರಿಗೆ ಹೇಳಿಕೊಂಡೆ. ಅವರು ಬೈಯಲಿಲ್ಲ. ಚಹಾ ತರಿಸಿದರು. “ಇನ್ನೊಂದು ತಪ್ಪು ಅದ, ಅದು ಇದಕಿಂತ ದೊಡ್ಡದು. ಅದನ್ನ ಮಾಡಬ್ಯಾಡ,” ಅಂದರು. ಯಾವುದು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅದನ್ನೂ ಮಾಡಿದೆ. ಮುಡಬಿಯ ರೈತ ಸಿದ್ರಾಮಪ್ಪ, ಜೋಳದ ಹೊಲಕ್ಕೆ ಬರುವ ಕಾಡುಹಂದಿ ಹೆದರಿಸಲು ಇಟ್ಟುಕೊಂಡಿದ್ದ ಮದ್ದು ತುಂಬುವ ಬಂದೂಕು ತಂದ. ನಳಿಗೆಯ ಬುಡದಲ್ಲಿ ಒಂದು ಗೆರೆ ಕಂಡಿತು. ಮೇಲಿನ ಗೀರು ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ, ಯಾಕೆಂದರೆ ಆತ ಬಾಗಿಲಲ್ಲೇ ನಿಂತು ಬಸ್ಸಿನ ಹೊತ್ತಾಯಿತು ಅನ್ನುತ್ತಿದ್ದ. ಬಡಿದು ಮದ್ದು ಸಿಡಿಸುವ ಘೋಡಾ ಸರಿಮಾಡಿ ಕೊಟ್ಟು ಕಳಿಸಿದೆ. ಸುಗ್ಗಿಯ ಮುಂಚೆ ಅದು ಅಲ್ಲೇ ಒಡೆಯಿತು. ಸಿದ್ರಾಮಪ್ಪನ ಎಡಗೈಯ ಎರಡು ಬೆರಳು ಹೋದವು. ನಾನು ದವಾಖಾನೆಗೆ ಹೋಗಿ ಗೆರೆಯ ವಿಷಯ ಹೇಳಿದೆ. ಆತ, “ಅವತ್ತು ನಾನೇ ಗಡಿಬಿಡಿ ಮಾಡ್ದೆ ಬಿಡ್ರಿ,” ಅಂದ. ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ಗಿರಾಕಿಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ನಾನು ಯಾವ ಬಂದೂಕನ್ನೂ ತೀರಿಸಿ ಕೊಟ್ಟಿಲ್ಲ.

ಈಗ ಹೇಳಬೇಕಾದ ಬಂದೂಕಿಗೆ ಬರುತ್ತೇನೆ. ಸರ್ಕಾರ ಶಿಕಾರಿ ಬಂದ್ ಮಾಡಿ ಹತ್ತು ವರ್ಷ ಕಳೆದಿತ್ತು. ದೊಡ್ಡ ಮನೆಗಳ ರೈಫಲುಗಳು ಗೋಡೆಗೆ ಸೇರಿದ್ದವು, ನನಗೆ ಉಳಿದಿದ್ದದ್ದು ಹೊಲ ಕಾಯುವ ಬಂದೂಕುಗಳು. ಒಂದು ದಿನ ಬೆಳಿಗ್ಗೆ ಘಾಟಬೋರಾಳದಿಂದ ಅಪ್ಪ ಮಗ ಇಬ್ಬರು ಬಂದರು. ಕುರಿ ಕಾಯುವ ಮನೆತನದವರು. ಅಪ್ಪ ಭೀಮಣ್ಣನಿಗೆ ಎಪ್ಪತ್ತು ದಾಟಿರಬೇಕು. ಮಗ ರೇವಣಸಿದ್ದನಿಗೆ ಮೂವತ್ತೈದರ ಸುಮಾರು, ಏಳನೇ ಇಯತ್ತೆ ಓದಿದವನು, ಕುರಿಯ ಜೊತೆ ನಾಲ್ಕು ಎಕರೆ ಒಕ್ಕಲುತನವೂ ಇತ್ತು. ಮುದುಕನ ಹೆಗಲ ಮೇಲಿನ ಕಂಬಳಿಯಲ್ಲಿ ಸುತ್ತಿದ್ದ ಬಂದೂಕನ್ನು ಮಗ ತೆಗೆದು ನನ್ನ ಮೇಜಿನ ಮೇಲೆ ಇಟ್ಟ.

ಅಂಥದ್ದನ್ನು ನಾನು ಅದಕ್ಕೂ ಮೊದಲು ಒಮ್ಮೆ ಮಾತ್ರ, ಉಸ್ತಾದರ ಅಂಗಡಿಯಲ್ಲಿ ನೋಡಿದ್ದೆ. ಲಿವರ್ ರೈಫಲ್. ಎಂಟು ಮೂಲೆಯ ನಳಿಗೆ, ಅದರ ಕೆಳಗೆ ತೋಟಾ ತುಂಬುವ ಇನ್ನೊಂದು ಕೊಳವೆ, ಬೆರಳು ತೂರಿಸಲು ಉಂಗುರದಂಥ ಕಬ್ಬಿಣದ ಹಿಡಿಕೆ. ಆ ಹಿಡಿಕೆಯನ್ನು ಕೆಳಗೆಳೆದು ಮೇಲೆ ತಂದರೆ ಹಾರಿದ ತೋಟಾ ಹೊರಗೆ ಬಿದ್ದು ಹೊಸದು ಒಳಗೆ ಕೂಡುತ್ತದೆ. ಪರದೇಶದ ಮಾಲು, ನೂರು ವರ್ಷದ ಹತ್ತಿರದ್ದು. ಕಪ್ಪು ಬಣ್ಣ ಪೂರ್ತಿ ಹೋಗಿ ಕಬ್ಬಿಣ ಹಳೆಯ ಇದ್ದಿಲಿನ ಬೂದು ಬಣ್ಣಕ್ಕೆ ತಿರುಗಿತ್ತು. ಹಿಡಿಕೆ ಜಾಮ್ ಆಗಿತ್ತು. ಹೆಗಲಿಗೆ ಒತ್ತಿ ಹಿಡಿಯುವ ಕಟ್ಟಿಗೆಯ ಕುಂದಾ ಕುತ್ತಿಗೆಯಲ್ಲಿ ಸೀಳಿ, ಅಲ್ಲಿ ಯಾರೋ ಆಡಿನ ಹಸಿ ಚರ್ಮ ಬಿಗಿಯಾಗಿ ಸುತ್ತಿ ಒಣಗಿಸಿದ್ದರು. ಆ ಚರ್ಮ ಕೈ ಹಿಡಿದು ಹಿಡಿದು ಕನ್ನಡಿಯಂತೆ ನುಣುಪಾಗಿತ್ತು.

“ಪೂರಾ ಹೊಸಾದು ಮಾಡ್ರಿ ಮಿಸ್ತ್ರಿಯವರ,” ಅಂದ ರೇವಣಸಿದ್ದ. “ಈ ಚರ್ಮ ಕಿತ್ತು ಹೊಸ ಕುಂದಾ ಹಾಕ್ರಿ, ಕರೀ ಬಣ್ಣ ಹಚ್ರಿ. ಹಾರಬೇಕು. ಹಂದಿ ಕಬ್ಬು ಉಳಿಸಾಕತ್ತಿಲ್ಲ. ಲೈಸೆನ್ಸಿಗೂ ಸಾಹೇಬ್ರು ಕಾಗದ ಕೇಳ್ಯಾರ.”

ಆ ಕಾಗದದ ವಿಷಯ ಹೀಗಿತ್ತು. ಠಾಣೆಗೆ ಹೊಸದಾಗಿ ಬಂದ ಇನ್ಸ್‌ಪೆಕ್ಟರರು ಹಳೆಯ ಬಂದೂಕುಗಳಿಗೆಲ್ಲ ರಿಪೇರಿಯವನ ದೃಢಪತ್ರ ಕೇಳುತ್ತಿದ್ದರು. ಹಾರಿಸಲು ಯೋಗ್ಯ ಎಂದು ನಾನು ಬರೆದರೆ ಲೈಸೆನ್ಸ್ ಮುಂದುವರಿಯುತ್ತದೆ. ಕೆಟ್ಟಿದೆ, ಆದರೆ ರಿಪೇರಿ ಆಗುತ್ತದೆ ಎಂದು ಬರೆದರೆ, ರಿಪೇರಿ ಆಗುವವರೆಗೆ ಠಾಣೆಯಲ್ಲಿ ಇಡಬೇಕು. ಅಲ್ಲಿನ ಆಯುಧದ ಕೋಣೆಯ ತೇವದಲ್ಲಿ ಬಂದೂಕು ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಚುನಾವಣೆಗೆಂದು ಅಲ್ಲಿ ಜಮಾ ಆಗಿ ಬಂದವುಗಳ ಜಂಗು ತೆಗೆಯುವವನು ನಾನೇ. ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದ ಪುರಾತನ ವಸ್ತು ಎಂದು ಬರೆದರೆ ಮಾತ್ರ ಲೈಸೆನ್ಸಿನ ಗೊಡವೆ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಮೂರರಲ್ಲಿ ಒಂದು ಸಾಲು ನಾನು ಬರೆಯಬೇಕಿತ್ತು.

ರೇವಣಸಿದ್ದ ಆ ಬಂದೂಕಿನ ಕಥೆಯನ್ನೂ ಹೇಳಿದ. ೧೯೪೮ರ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಗದ್ದಲದ ದಿನಗಳಲ್ಲಿ ಊರೂರಿಗೆ ಲೂಟಿಯವರು ಬರುತ್ತಿದ್ದರು. ಭೀಮಣ್ಣ ಆಗ ದೇಶಮುಖರ ವಾಡೆಯ ಕಾವಲುಗಾರ. ಆ ಮನೆಯವರು ಊರು ಬಿಟ್ಟು ಹೋಗುವಾಗ ಈ ಬಂದೂಕನ್ನು ಆತನ ಕೈಗೆ ಕೊಟ್ಟರು. ಒಂದು ಮುಂಜಾನೆ ಕುರಿ ಹೊಡೆದುಕೊಂಡು ಹೋಗಲು ಬಂದವರನ್ನು ಭೀಮಣ್ಣ ಒಬ್ಬನೇ ಹಳ್ಳದ ದಾರಿಯಲ್ಲಿ ತಡೆದ. “ಏಳು ಗುಂಡು ಹಾರ್ಸ್ಯಾನ್ರಿ ನಮ್ಮಪ್ಪ. ಇವತ್ತಿಗೂ ಊರಾಗ ಹೇಳ್ತಾರ,” ಅಂದ. ಮುದುಕ ರಸ್ತೆಯ ಕಡೆ ನೋಡುತ್ತ ಕೂತಿದ್ದ. ನಾಲ್ಕು ದಿನ ಬಿಟ್ಟು ಬರಲು ಹೇಳಿ ಕಳಿಸಿದೆ.

ಅದನ್ನು ಬಿಚ್ಚಲು ಒಂದು ದಿನ ಹಿಡಿಯಿತು. ಅಗಸೆ ಎಣ್ಣೆ, ಧೂಳು, ಉಣ್ಣೆಯ ಎಳೆ ಎಲ್ಲ ಸೇರಿ ಒಳಗೆ ಅಂಟಾಗಿ ಕೂತಿತ್ತು. ಮೊದಲು ನೋಡಿದ್ದು ಬೀಗದ ಜಾಗ. ತೋಟಾ ಸಿಡಿದಾಗ ಅದರ ಹೊಡೆತವನ್ನೆಲ್ಲ ತಡೆದು ಹಿಡಿಯುವ ಭಾಗ ಅದು. ಮುಚ್ಚಿದ ಮೇಲೂ ಅದು ಉಗುರಿನ ದಪ್ಪದಷ್ಟು ಹಿಂದೆ ಮುಂದೆ ಆಡುತ್ತಿತ್ತು. ತೋಟಾ ಹಿಂಬದಿಗೆ ಒಡೆದರೆ ಹಾರಿಸುವವನ ಕಣ್ಣಿಗೆ ಬರುತ್ತದೆ. ನಳಿಗೆಯ ಒಳಗೆ ಸಿಡುಬಿನ ಮುಖದ ಹಾಗೆ ಕುಳಿಗಳು.

ಎರಡನೆಯ ದಿನ ಸೂಜಿ ಹೊರತೆಗೆದೆ. ಘೋಡಾ ಹೊಡೆದಾಗ ಮುಂದೆ ಹೋಗಿ ತೋಟಾವನ್ನು ಸಿಡಿಸುವ ಸಣ್ಣ ಕಡ್ಡಿ ಅದು. ತುದಿ ಮುರಿದಿತ್ತು. ಹಳೆಯ ಬಂದೂಕಿನಲ್ಲಿ ಸೂಜಿ ಮುರಿಯುವುದು ಸಾಮಾನ್ಯ. ಆದರೆ ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದೆ. ಸೂಜಿಯ ಉಳಿದ ಮೈಗೆ ಎಷ್ಟು ಹಳೆಯ ಜಂಗು ಇತ್ತೋ, ಮುರಿದ ಮುಖಕ್ಕೂ ಅಷ್ಟೇ ಹಳೆಯದು. ಸೂಜಿಯ ರಂಧ್ರ ಕಲ್ಲಿನಂತೆ ಗಟ್ಟಿಯಾದ ಎಣ್ಣೆಯಿಂದ ಮುಚ್ಚಿ, ಆ ಎಣ್ಣೆಯ ತಳದಲ್ಲಿ, ಸೂಜಿಯ ತುದಿ ಇರಬೇಕಾದ ಜಾಗದಲ್ಲೇ, ಒಂದು ಚೂರು ಕಿನಕಾಪಿನ ಬಟ್ಟೆ ಸಿಕ್ಕಿಕೊಂಡಿತ್ತು. ಅಂಥ ಜರಿಯ ಬಟ್ಟೆಯಲ್ಲಿ ಬಂದೂಕು ಒರೆಸುವುದು ವಾಡೆಯಲ್ಲೇ ಹೊರತು ಕುರಿಯವರ ಮನೆಯಲ್ಲಲ್ಲ. ಅಂದರೆ ಭೀಮಣ್ಣನ ಕೈಗೆ ಬರುವ ಮೊದಲೇ ಇದು ಮುರಿದಿತ್ತು. ಈ ಬಂದೂಕು ಅವನ ಕೈಯಲ್ಲಿ ಒಂದು ಗುಂಡನ್ನೂ ಹಾರಿಸಿರಲಿಲ್ಲ.

ಎರಡು ದಿನ ನಾನು ಬೇರೆ ಕೆಲಸ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಹೊಸ ಸೂಜಿ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಮಾಡಿ ಹಾಕಿದರೆ ಮಗನಿಗೆ ಏನೂ ತಿಳಿಯುತ್ತಿರಲಿಲ್ಲ, ಮುದುಕನ ಮಾನ ಉಳಿಯುತ್ತಿತ್ತು, ಅಂಥ ಅಪರೂಪದ ಬಂದೂಕನ್ನು ಎಬ್ಬಿಸಿದೆ ಎಂಬ ಹೆಸರೂ ನನಗೆ ಬರುತ್ತಿತ್ತು. ಹತ್ತು ಸಲ ಹಾರಲೂಬಹುದು. ಹನ್ನೊಂದನೆಯದು ಹೇಗೋ ಯಾರಿಗೆ ಗೊತ್ತು. ಬೀಗ, ನಳಿಗೆ, ಸೂಜಿ, ಕುಂದಾ ಎಲ್ಲ ಹೊಸದು ಹಾಕಿದರೆ ಧೈರ್ಯವಾಗಿ ಕೊಡಬಹುದು. ಆದರೆ ಆ ಭಾಗಗಳು ಎಲ್ಲಿಯೂ ಸಿಗುವುದಿಲ್ಲ, ನಾನೇ ಮಾಡಿದರೂ ಆಮೇಲೆ ಅದು ಭೀಮಣ್ಣನ ಬಂದೂಕಾಗಿ ಉಳಿಯುವುದಿಲ್ಲ. ಸಿದ್ರಾಮಪ್ಪನ ಕೈ ಬೇಡವೆಂದರೂ ಕಣ್ಣ ಮುಂದೆ ಬರುತ್ತಿತ್ತು.

ಐದನೆಯ ದಿನ ಇಬ್ಬರೂ ಬಂದರು. ಮಗ ಬಂದವನೇ, ಕುರಿಗೆ ಔಷಧ ತರಲು ಬಜಾರಿಗೆ ಹೋದ. ನಾನು ಮುದುಕನನ್ನು ಒಳಗೆ ಕರೆದು ಕೂಡಿಸಿ, ಮುರಿದ ಸೂಜಿಯನ್ನು ಅವನ ಅಂಗೈಯಲ್ಲಿ ಇಟ್ಟೆ.

“ಮುತ್ಯಾ, ಇದು ಯಾವಾಗ ಮುರೀತು, ನಿಮಗ ಗೊತ್ತದ ಏನ್ರಿ?”

ಅವನು ಅದನ್ನು ಬಹಳ ಹೊತ್ತು ನೋಡಿದ. “ಇಷ್ಟ ಸಣ್ಣದೇನು ಅದು,” ಅಂದ. ಆಮೇಲೆ ಹೇಳಿದ. “ಗೊತ್ತದ ತಮ್ಮಾ. ವಾಡೇಕ ಬಂದ ಪಾಹುಣ್ಯಾರೆಲ್ಲಾ ಖಾಲಿ ಬಂದೂಕ ಹಿಡ್ಕೊಂಡು ಚಾಟ್ ಚಾಟ್ ಅನಿಸ್ತಿದ್ರು. ಅಲ್ಲೇ ಮುರೀತು. ಕೆಟ್ಟಿತ್ತು ಅಂತಲೇ ನನಗ ಕೊಟ್ಟು ಹೋದ್ರು. ಚಲೋವು ಎಲ್ಲಾ ಸಂಗಾಟ ಒಯ್ದ್ರು.”

“ಮತ್ತ ಆ ದಿನ?”

“ಆ ದಿನ ಹಳ್ಳದ ದಂಡಿಗೆ ನಿಂತೆ. ಅವರು ನನ್ನ ನೋಡಿದ್ರು. ನಾ ಹಿಡಿಕಿ ಕೆಳಗ ಜಗ್ಗಿ ಮ್ಯಾಲ ಹೊಡೆದೆ. ಸಪ್ಪಳ ಆತು. ಅವರು ನಿಂತ್ರು. ಮತ್ತೊಮ್ಮೆ ಹೊಡೆದೆ. ಒಬ್ಬವ ಏನೋ ಅಂದ, ಹೊಳ್ಳಿ ಹೋದ್ರು. ಅಷ್ಟ ನೋಡು. ಹಾರಿಸಿದೆ ಅಂತ ನಾ ಒಂದಿನಾನೂ ಹೇಳಿಲ್ಲ. ಹಾರಿಸಿಲ್ಲ ಅಂತಾನೂ ಹೇಳಿಲ್ಲ. ಊರವರು ಮೊದಲ ಎರಡು ಗುಂಡು ಅಂದ್ರು, ಆಮ್ಯಾಲ ಏಳು ಮಾಡಿದ್ರು.”

ನಾನು ಬೀಗ ಆಡುವುದನ್ನು ಅವನ ಬೆರಳಿನಿಂದಲೇ ಮುಟ್ಟಿಸಿ ತೋರಿಸಿದೆ. ಹಾರಿಸಿದರೆ ಏನಾಗಬಹುದು ಎಂದೂ ಹೇಳಿದೆ. ಅವನು ಕೇಳಿದ್ದು ಒಂದೇ.

“ಹೊಸಾ ಸೂಜಿ ಹಾಕಿ, ಮಗನಿಗೆ ಹಾರಿಸಬ್ಯಾಡ ಅಂತ ಹೇಳಿ ಕೊಡಾಕ ಬರೂದಿಲ್ಲೇನು?”

“ಹಾರೂ ಬಂದೂಕ ಮನ್ಯಾಗಿಟ್ಟು ಹಾರಿಸಬ್ಯಾಡ ಅಂದ್ರ ಯಾರು ಕೇಳ್ತಾರ, ಮುತ್ಯಾ? ನಾ ಕಾಗದದಾಗ ಸೂಜಿ ಮುರಿದದ, ಬೀಗ ಸವೆದದ, ಬಹಳ ವರ್ಷದಿಂದ ಹಾರಿಲ್ಲ ಅಂತ ಬರೀಬೇಕಾಗ್ತದ. ನಿಮ್ಮ ಮಗಗ ಓದಾಕ ಬರ್ತದ. ಕಾಗದ ನೋಡಿ ತಿಳಿಯೂದಕಿಂತ ನೀವೇ ಹೇಳ್ರಿ. ನಾ ಹೇಳೂದಿಲ್ಲ.”

ಮುದುಕ ಸೂಜಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತ. ಆ ಅರ್ಧ ತಾಸು ನನಗೆ ದೊಡ್ಡದಾಯಿತು. ಒಬ್ಬ ಮನುಷ್ಯನ ಮೂವತ್ತೈದು ವರ್ಷದ ಹೆಸರನ್ನು ಬಿಚ್ಚುವ ಅಧಿಕಾರ ಅರ, ಚಿಮಟಿಗೆ ಹಿಡಿದವನಿಗೆ ಯಾರು ಕೊಟ್ಟರು ಅನ್ನಿಸಿತು. ಎದ್ದು ಹೋಗಿ ಹೊಸ ಸೂಜಿಗೆ ಉಕ್ಕಿನ ಕಡ್ಡಿ ಹುಡುಕಲೇ ಎಂದೂ ಒಮ್ಮೆ ಅನ್ನಿಸಿತು. ಅಷ್ಟರಲ್ಲಿ ರೇವಣಸಿದ್ದ ಬಂದ.

“ಆತೇನ್ರಿ ಮಿಸ್ತ್ರಿಯವರ?”

ನಾನು ಬಾಯಿ ತೆರೆಯುವ ಮೊದಲೇ ಭೀಮಣ್ಣ ಮುಷ್ಟಿ ಬಿಚ್ಚಿ ಮಗನ ಮುಂದೆ ಹಿಡಿದ. “ರೇವಣ್ಯಾ, ಇದು ಬಂದೂಕಿನ ಸೂಜಿ. ಇದು ಮುರಿದ ಮ್ಯಾಲೇ ನನ್ನ ಕೈಗೆ ಬಂದದ. ನಾ ಯಾವತ್ತೂ ಗುಂಡ ಹಾರಿಸಿಲ್ಲ.”

ರೇವಣಸಿದ್ದ ಔಷಧದ ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟ. ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಬಂದೂಕನ್ನು ಎತ್ತಿ ತಿರುವಿ ತಿರುವಿ ನೋಡಿದ. ಅವನ ಕಿವಿ ಕೆಂಪಾಗಿತ್ತು. ಎಷ್ಟು ಜನರ ಮುಂದೆ ಆ ಏಳು ಗುಂಡುಗಳನ್ನು ಹೇಳಿದ್ದನೋ.

“ಇದು ಹಾರೂದಿಲ್ಲ ಅಂತ ನಿನಗ ಆವಾಗೇ ಗೊತ್ತಿತ್ತೇನು?” ಅಂತ ಕೊನೆಗೆ ಕೇಳಿದ.

“ಗೊತ್ತಿತ್ತು.”

“ಗೊತ್ತಿದ್ದೂ ಹ್ಯಾಂಗ ನಿಂತಿ ಮತ್ತ?”

“ಹಿಂದ ಕುರಿ ಇದ್ವು. ಕೂಸಿನ ಹೊತಗೊಂಡು ನಿಮ್ಮವ್ವ ಇದ್ಲು, ಆ ಕೂಸು ನೀನೇ. ಎಲ್ಲಿಗಿ ಹೋಗ್ಲಿ?”

ರೇವಣಸಿದ್ದ ಬಂದೂಕನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟ. ಆಮೇಲೆ ನನ್ನ ಕಡೆ ತಿರುಗಿ, “ಕರೀ ಬಣ್ಣ ಬ್ಯಾಡ್ರಿ. ಚರ್ಮಾನೂ ಕೀಳಬ್ಯಾಡ್ರಿ,” ಅಂದ. ಕಬ್ಬಿನ ಹಂದಿಗೆ ಏನು ಮಾಡುವುದೋ ಆಮೇಲೆ ನೋಡೋಣ ಅಂದ.

ನಾನು ಮಾಡಿದ್ದು ಇಷ್ಟು. ಎದ್ದು ಬರುವ ಸಡಿಲ ಜಂಗನ್ನು ಘಾಸಲೇಟು ಹಾಕಿ ಹತ್ತಿ ಬಟ್ಟೆಯಲ್ಲಿ ಒರೆಸಿದೆ, ಬೂದು ಬಣ್ಣ ಮುಟ್ಟಲಿಲ್ಲ. ಒಳಗಿನ ಅಂಟು ತೊಳೆದು ಹಿಡಿಕೆ ಸರಾಗ ಆಡುವಂತೆ ಮಾಡಿದೆ. ಕುಂದಾಕ್ಕೆ ಅಗಸೆ ಎಣ್ಣೆ ತಿಕ್ಕಿದೆ. ಮುರಿದ ಸೂಜಿಯನ್ನು ಅದರ ಜಾಗದಲ್ಲೇ ಇಟ್ಟು ಮುಚ್ಚಿದೆ.

ದೃಢಪತ್ರದಲ್ಲಿ ಕಂಡದ್ದನ್ನೆಲ್ಲ ಬರೆದು, ಕೊನೆಗೆ ಇದು ರಿಪೇರಿಯಿಂದಲೂ ಹಾರಿಸಲು ಬಾರದು ಎಂದು ಬರೆದೆ. ಆ ಸಾಲು ಬರೆಯುವಾಗ ಲೇಖನಿ ಎರಡು ಸಲ ನಿಂತಿತು. ಸೂಜಿ ಹಾಕಿದರೆ ಹತ್ತು ಗುಂಡು ಹಾರಬಹುದು ಎಂದು ನನಗೇ ಗೊತ್ತಿತ್ತಲ್ಲ. ಆದರೆ ಹಾರುವುದನ್ನು ಮಾತ್ರ ಮಾಡಿ, ತಡೆಯುವುದನ್ನು ಸವೆದಂತೆಯೇ ಬಿಟ್ಟರೆ ಅದು ರಿಪೇರಿಯಲ್ಲ. ಎಲ್ಲವನ್ನೂ ಬದಲಾಯಿಸಿದರೆ ಅದೂ ರಿಪೇರಿಯಲ್ಲ. ಹೀಗೆ ವಿಚಾರ ಮಾಡಿ ಸಹಿ ಹಾಕಿದೆ. ಸರಿಯೇ ಎಂದು ಇಂದಿಗೂ ಅನ್ನಿಸುತ್ತದೆ. ಯಾರಾದರೂ ತಪ್ಪು ಅಂದರೆ ಕೂತು ಕೇಳಲು ತಯಾರಿದ್ದೇನೆ.

ಇನ್ಸ್‌ಪೆಕ್ಟರರು ನನ್ನನ್ನೇ ಠಾಣೆಗೆ ಕರೆಸಿದರು. ಒಳ್ಳೆಯ ಮನುಷ್ಯ, ಬಂದೂಕಿನ ಹುಚ್ಚಿದ್ದವರು. ಕಾಗದ ಓದಿ ಕನ್ನಡಕ ತೆಗೆದರು. “ಮಾಣಿಕಪ್ಪ, ಇಡೀ ತಾಲೂಕಿನಾಗ ನೀ ಒಬ್ಬ ಇದ್ದಿ. ಇಂಥಾದ್ದು ಕೈಗೆ ಬಂದಾಗ ಆಗೂದಿಲ್ಲ ಅಂತೀ? ಬ್ಯಾರೆ ಕಡೆ ಕಳಿಸೋಣೇನು?” ಅಂದರು.

“ಯಾರಿಗೆ ಕಳಿಸಿದ್ರೂ ಸೂಜಿ ಹಾಕಿ ಕೊಡ್ತಾರ ಸಾಹೇಬ್ರ. ಒಮ್ಮೆ ನೀವೇ ಬೀಗಕ್ಕ ಬೆರಳ ಹಚ್ಚಿ ನೋಡ್ರಿ,” ಅಂದೆ.

ಅವರು ಬಂದೂಕು ತರಿಸಿ ಹಿಡಿಕೆ ಎಳೆದರು, ಬಿಟ್ಟರು, ಮತ್ತೆ ಎಳೆದರು. ಬೀಗವನ್ನು ಬೆರಳಿನಿಂದ ಅಲುಗಾಡಿಸಿದರು. ಆಮೇಲೆ ಕಾಗದದ ಮೇಲೆ ಷರಾ ಬರೆದು ಮೇಲಿನ ಕಚೇರಿಗೆ ಕಳಿಸಿದರು. ಮೂರು ತಿಂಗಳಿಗೆ ಅಪ್ಪಣೆ ಬಂತು. ಬಂದೂಕು ಘಾಟಬೋರಾಳಕ್ಕೆ ಹೋಯಿತು. ಮಾಣಿಕಪ್ಪ ಮಿಸ್ತ್ರಿಯ ಕೈಯಲ್ಲಿ ಆಗದ ಬಂದೂಕೊಂದು ಬಂದಿತ್ತಂತೆ ಎಂದು ಬಜಾರಿನಲ್ಲಿ ಕೆಲವು ದಿನ ಮಾತಾಯಿತು. ಇಬ್ಬರು ಖಾಯಂ ಗಿರಾಕಿಗಳು ಉದಗೀರಿನ ಕಡೆ ಹೋದರು. ಮನಸ್ಸಿಗೆ ನೋವಾಯಿತು. ಹೊಸಬರಿಗೆ ಇದನ್ನು ಮುಚ್ಚಿಡಬಾರದು. ಬೇಡ ಎಂದು ಹೇಳಿದ ಕೆಲಸಕ್ಕೆ ಯಾರೂ ನಿಮ್ಮನ್ನು ಹೊಗಳುವುದಿಲ್ಲ.

ಎರಡು ವರ್ಷದ ಮೇಲೆ ರೇವಣಸಿದ್ದನ ಮಗಳ ಮದುವೆಗೆ ಕರೆ ಬಂತು. ಹೋದೆ. ಊಟವಾದ ಮೇಲೆ ಬೀಗರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಗೋಡೆಯ ಮೇಲೆ ಗೂಟಕ್ಕೆ ಬಂದೂಕನ್ನು ತೂಗುಹಾಕಿದ್ದರು. ಬೀಗರಲ್ಲಿ ಒಬ್ಬರು ಅದೇನು ಎಂದು ಕೇಳಿದರು. ರೇವಣಸಿದ್ದ ಕಥೆ ಶುರುಮಾಡಿದ. ನಾನು ತಲೆ ತಗ್ಗಿಸಿ ಎಲೆ ಅಡಿಕೆ ಮಡಚುತ್ತ ಕಿವಿಗೊಟ್ಟೆ. ದೇಶಮುಖರು ಕೆಟ್ಟ ಬಂದೂಕು ಕೊಟ್ಟದ್ದು, ಮುರಿದ ಸೂಜಿ, ಹಳ್ಳದ ದಾರಿ, ಎಲ್ಲ ಹೇಳಿದ. ಒಂದೂ ಗುಂಡು ಹಾರಲಿಲ್ಲ ಎಂಬಲ್ಲಿ ಅವನ ದನಿ ಏಳು ಗುಂಡು ಹೇಳುವಾಗ ಇದ್ದದ್ದಕ್ಕಿಂತ ಎತ್ತರವಿತ್ತು.

“ಎದುರಿಗೆ ಹದಿನೈದು ಮಂದಿ ಇದ್ರು,” ಅಂದ.

ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಭೀಮಣ್ಣ ಕಣ್ಣು ತೆರೆದ.

“ಆರು ಮಂದಿ,” ಅಂದ. “ಸರಿಯಾಗಿ ಹೇಳು.”